ದೊರೆಗೆ ಇಪ್ಪತ್ತೊಂದು ದಿನ

ನಮ್ಮ ಯಜಮಾನರ ಉದ್ಯೋಗ ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡಿ ಸರ್ಕಾರಿ ಮುದ್ರೆ ಒತ್ತುವುದು. ಮರದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೂಕದ ಕಲ್ಲುಗಳನ್ನು ಇಟ್ಟುಕೊಂಡು ಬೀದಿ ಬೀದಿ ಸುತ್ತುತ್ತಾರೆ. ಮೂವತ್ತು ವರ್ಷದಲ್ಲಿ ಯಾವ ಅಂಗಡಿಯವನ ಕೈಯಿಂದಲೂ ಒಂದು ಲೋಟ ಚಹಾ ಕುಡಿದವರಲ್ಲ. ಸುಳ್ಳು ಹೇಳಲು ಬಾರದ ಮನುಷ್ಯ ಅಂತ ನಾನೇ ನಾಲ್ಕು ಜನರೆದುರು ಹೇಳಿಕೊಂಡು ಮೆರೆದಿದ್ದೇನೆ. ಆ ಮಾತನ್ನು ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅವರ ಕೆಲಸದಲ್ಲಿ ಎರಡು ಬಗೆಯ ಪರೀಕ್ಷೆಗಳಿವೆ. ಒಂದು ಹೇಳಿ ಮಾಡುವುದು, ಇನ್ನೊಂದು ಹೇಳದೆ ಮಾಡುವುದು. ಹೇಳಿ ಹೋದರೆ ಎಲ್ಲ ತಕ್ಕಡಿಗಳೂ ಸಾಧುಗಳೇ ಎನ್ನುವುದು ಅವರ ಮಾತು. ಹಾಗಾಗಿ ವಾರಕ್ಕೊಮ್ಮೆ ತಲೆಗೊಂದು ಟೋಪಿ ಇಟ್ಟುಕೊಂಡು, ಕೈಯಲ್ಲಿ ಚೀಲ ಹಿಡಿದು, ಗಿರಾಕಿಯ ಹಾಗೆ ಹೋಗಿ ಅರ್ಧ ಕಿಲೋ ಸಕ್ಕರೆ ಕೊಂಡು ಕಳ್ಳರನ್ನು ಹಿಡಿಯುತ್ತಿದ್ದರು. ಮೊಸರಲ್ಲಿ ಕಲ್ಲು ಹುಡುಕುವುದಕ್ಕೆ ಸಂಬಳ ಕೊಡುವ ಏಕೈಕ ಇಲಾಖೆ ನಿಮ್ಮದು ಅಂತ ನಾನು ಚುಡಾಯಿಸುತ್ತಿದ್ದೆ. ಅವರು ನಗುತ್ತಿರಲಿಲ್ಲ.

ನಾಯಿ ತರಬೇಕೆಂಬ ಯೋಚನೆ ಬಂದದ್ದು ಅತ್ತೆಯಿಂದಾಗಿ. ಅವರಿಗೆ ಎಂಬತ್ತೆರಡು ವರ್ಷ, ಎರಡು ಕಣ್ಣೂ ಮಂಜು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಊರವರಿಗೆಲ್ಲ ಕನ್ನಡಕ ಕೂರಿಸುತ್ತೇನೆ, ಅತ್ತೆಗೆ ಹೊಂದುವ ಗಾಜು ಮಾತ್ರ ಯಾವ ಡಬ್ಬಿಯಲ್ಲೂ ಇಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅವರು ಮನೆಯಲ್ಲಿ ಒಬ್ಬರೇ. ಒಂದು ದಿನ ನಲ್ಲಿ ರಿಪೇರಿಯವನು ಎಂದು ಹೇಳಿಕೊಂಡು ಯಾವನೋ ಒಳಗೆ ಬಂದು, ಅವರ ಮಂಚದ ಪಕ್ಕ ಬಹಳ ಹೊತ್ತು ಸುಮ್ಮನೆ ನಿಂತಿದ್ದ. ಮೇಲಿನ ಮನೆಯವರ ಹೆಜ್ಜೆ ಸದ್ದು ಕೇಳಿ ಹೊರಟುಹೋದ. ಏನೂ ಕದಿಯಲಿಲ್ಲ. ಆದರೆ ಅಂದಿನಿಂದ ಅತ್ತೆ ಮಧ್ಯಾಹ್ನ ಮಲಗುವುದನ್ನೇ ಬಿಟ್ಟರು.

ಬಿಟ್ಟುಹೋದ ನಾಯಿಗಳನ್ನು ಸಾಕುವ ಆಶ್ರಯವೊಂದು ನಮ್ಮ ಬಸ್ಸು ತಿರುಗುವ ಕಡೆ ಇದೆ. ಅಲ್ಲಿದ್ದ ಜರ್ಮನ್ ಶೆಫರ್ಡ್‌ಗೆ ನಾಲ್ಕು ವರ್ಷ. ಅಪ್ಪಟ ತಳಿ. ಮೂರು ತಲೆಮಾರಿನ ಹೆಸರು ಬರೆದ ಕಾಗದವೂ ಇತ್ತು. ನನಗೆ ನನ್ನ ಮುತ್ತಜ್ಜನ ಹೆಸರು ಗೊತ್ತಿಲ್ಲ! ಯಜಮಾನರು ಆ ಕಾಗದವನ್ನು ಬೆಳಕಿಗೆ ಹಿಡಿದು ಮುದ್ರೆ ನೋಡಿದರು, ತೃಪ್ತರಾದರು. ಪಂಜರಕ್ಕೆ ಕಟ್ಟಿದ್ದ ಚೀಟಿಯಲ್ಲಿ ಮಾತ್ರ ಎರಡೇ ವಾಕ್ಯ: “ಹಿಂದಿನ ಮನೆಯಲ್ಲಿ ಒಮ್ಮೆ ಕಚ್ಚಿದೆ. ಕಾರಣ ತಿಳಿದಿಲ್ಲ.”

ಆಶ್ರಯದ ಮೇಡಂ ಸುತ್ತಿ ಬಳಸಿ ಮಾತಾಡುವವರಲ್ಲ. “ಇಪ್ಪತ್ತೊಂದು ದಿನ ಇಟ್ಕೊಂಡು ನೋಡಿ. ಒಗ್ಗದಿದ್ರೆ ವಾಪಸ್ ತನ್ನಿ, ತಪ್ಪಿಲ್ಲ. ಆದ್ರೆ ಇನ್ನೊಂದ್ ಸಲ ಕಾರಣ ಇಲ್ದೆ ಕಚ್ಚಿದ್ರೆ ಹತ್ತು ದಿನ ಇಲ್ಲಿ ನಿಗಾದಲ್ಲಿ ಇಡ್ತೀವಿ. ಆಮೇಲೆ ಇಂಜೆಕ್ಷನ್ ಕೊಟ್ಟು ಮಲಗಿಸೋದೇ. ಅದು ನಮ್ಮ ನಿಯಮ.”

ಕಾಗದದಲ್ಲಿದ್ದ ಉದ್ದನೆಯ ಹೆಸರು ಅತ್ತೆಯ ನಾಲಿಗೆಗೆ ಹೊರಳಲಿಲ್ಲ. “ನಡಿಗೆ ನೋಡಿದ್ರೆ ದೊರೆ ಥರ ಇದೆಯಲ್ಲ,” ಎಂದರು. ಅವರಿಗೆ ನಡಿಗೆ ಕಾಣುವುದೆಲ್ಲಿ ಬಂತು, ಉಗುರಿನ ಸದ್ದು ಕೇಳಿ ಹೇಳಿದ್ದು. ಅಂದಿನಿಂದ ಅದು ದೊರೆ.

ದೊರೆ ಎರಡನೇ ದಿನವೇ ಅತ್ತೆಯ ಮಂಚದ ಕೆಳಗೆ ಜಾಗ ಮಾಡಿಕೊಂಡಿತು. ಅವರು ಎದ್ದರೆ ಏಳುತ್ತಿತ್ತು, ಬಚ್ಚಲಿಗೆ ಹೋದರೆ ಬಾಗಿಲಲ್ಲಿ ಕಾಯುತ್ತಿತ್ತು. ಮಧ್ಯಾಹ್ನ ಅತ್ತೆ ಕಾಲು ಇಳಿಬಿಟ್ಟು ಅದರ ಬೆನ್ನ ಮೇಲಿಟ್ಟು ನಿದ್ದೆ ಹೋಗುತ್ತಿದ್ದರು. ನಲ್ಲಿಯವನು ಬಂದುಹೋದ ಮೇಲೆ ಅವರು ಮಧ್ಯಾಹ್ನ ಕಣ್ಣು ಮುಚ್ಚಿದ್ದು ಅದೇ ಮೊದಲು. ನನಗೆ ಅಷ್ಟೇ ಸಾಕಾಗಿತ್ತು.

ಯಜಮಾನರಿಗೆ ಸಾಕಾಗಲಿಲ್ಲ. ಒಂದು ನೋಟ್‌ಬುಕ್ ತೆರೆದರು. ತಿನ್ನುತ್ತಿರುವಾಗ ಬಟ್ಟಲು ಎಳೆದರು. ದೊರೆ ತಲೆಯೆತ್ತಿ ನೋಡಿ ಕಾಯಿತು. ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬೀಳಿಸಿದರು. ಬೆಚ್ಚಿ ಅತ್ತೆಯ ಹತ್ತಿರ ಹೋಯಿತು. ಮಾಂಸದ ತುಂಡನ್ನು ಮೇಜಿನ ಅಂಚಿಗಿಟ್ಟು ಪರದೆಯ ಹಿಂದೆ ಅಡಗಿ ನಿಂತರು. ಐವತ್ತೈದು ವರ್ಷದ ಗಂಡಸು, ಪರದೆಯ ಕೆಳಗೆ ಎರಡು ಪಾದ! ನಾಯಿ ಮಾಂಸದ ಗೊಡವೆಗೆ ಹೋಗದೆ ಆ ಪಾದಗಳನ್ನು ಮೂಸಿ ಬಾಲ ಆಡಿಸಿತು. “ಪಾಸು” ಎಂದು ಬರೆದುಕೊಂಡರು.

“ಸಾಕು ಬಿಡ್ರೀ, ನನ್ನ ಮದುವೆ ಆಗುವಾಗ್ಲೂ ಇಷ್ಟು ಪರೀಕ್ಷೆ ಮಾಡ್ಲಿಲ್ಲ ನೀವು,” ಎಂದೆ.

“ಇದೆಲ್ಲ ಹೇಳಿ ಮಾಡಿದ ಪರೀಕ್ಷೆ. ನಾನು ಮನೇಲಿದ್ದೀನಿ ಅಂತ ಅದಕ್ಕೆ ಗೊತ್ತು,” ಎಂದರು. ಆ ಮಾತಿನ ಅರ್ಥವನ್ನು ನಾನು ಅವತ್ತೇ ಕೇಳಬೇಕಿತ್ತು.

ಹತ್ತೊಂಬತ್ತನೇ ದಿನ ಸಂಜೆ ನಾನು ಬರುವಷ್ಟರಲ್ಲಿ ದೊರೆಯನ್ನು ಬಾಲ್ಕನಿಯಲ್ಲಿ ಕಟ್ಟಿಹಾಕಿದ್ದರು. ಯಜಮಾನರ ಬಲ ಮುಂಗೈಗೆ ಬಿಳಿ ಬ್ಯಾಂಡೇಜು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

“ಫೈಲ್ ಮರೆತು ಮಧ್ಯಾಹ್ನ ಮನೆಗೆ ಬಂದಿದ್ದೆ. ನೀರಿನ ಬಟ್ಟಲು ಸರಿಸೋಕೆ ಹೋದೆ. ಸುಮ್‌ಸುಮ್ನೆ ಕಚ್ತು.”

ನಾನು ಅತ್ತೆಯನ್ನು ಕೇಳಿದೆ. “ನಂಗೇನ್ ಕಾಣುತ್ತಮ್ಮಾ,” ಎಂದರು, ಅಷ್ಟೇ. ಫೋನ್ ಹೋದ ಅರ್ಧ ಗಂಟೆಯಲ್ಲಿ ಆಶ್ರಯದ ಮೇಡಂ ಬಂದು ಫಾರಂ ಮುಂದಿಟ್ಟರು. ಕಚ್ಚಲು ಕಾರಣ? “ಇಲ್ಲ” ಎಂದು ಬರೆದು ಯಜಮಾನರು ಎಡಗೈಯಲ್ಲಿ ಸೊಟ್ಟ ಸಹಿ ಹಾಕಿದರು. ದೊರೆ ವ್ಯಾನಿನ ಹಿಂದಿನ ಗಾಜಿನಲ್ಲಿ ನಮ್ಮ ಕಿಟಕಿಯನ್ನೇ ನೋಡುತ್ತಿತ್ತು. ನನಗೆ ಅಳು ಬಂತು. ಆದರೂ ಅನುಮಾನ ಬರಲಿಲ್ಲ. ಮೂವತ್ತು ವರ್ಷ ಸುಳ್ಳು ಹೇಳದವನ ಮೊದಲ ಸುಳ್ಳನ್ನು ಹಿಡಿಯುವುದು ಹೇಗೆ?

ಮರುದಿನದಿಂದ ಅತ್ತೆಗೆ ಊಟ ಸೇರಲಿಲ್ಲ. ಮಗ ಚಹಾ ಕೊಡಲು ಬಂದರೆ ಮೊದಲೆಲ್ಲ ಲೋಟಕ್ಕೆ ಕೈಚಾಚುತ್ತಿದ್ದವರು ಈಗ ಹಿಂದೆ ಸರಿದು, “ಅಲ್ಲೇ ಇಡಪ್ಪ,” ಎನ್ನುತ್ತಿದ್ದರು. ನಾಯಿಯ ದುಃಖ ಅಂದುಕೊಂಡೆ. ಎಂಟನೇ ದಿನ ಬೆಳಿಗ್ಗೆ, ಯಜಮಾನರು ಕೆಲಸಕ್ಕೆ ಹೋದ ಮೇಲೆ, ತಲೆ ಬಾಚುತ್ತಿದ್ದಾಗ ಕೇಳಿದರು: “ದೊರೆ ಯಾವಾಗ ಬರುತ್ತೆ?”

ಎಷ್ಟು ದಿನ ಅಂತ ಮುಚ್ಚಿಡುವುದು? “ಬರಲ್ಲ ಅತ್ತೆ. ನಾಡಿದ್ದು ಅದಕ್ಕೆ ಇಂಜೆಕ್ಷನ್ ಕೊಡ್ತಾರೆ. ಸುಮ್ನೆ ಕಚ್ಚೋ ನಾಯೀನ ಉಳಿಸಲ್ಲ.”

ಅವರು ನನ್ನ ಕೈಯಿಂದ ಬಾಚಣಿಗೆ ಕಿತ್ತುಕೊಂಡರು. “ಸುಮ್ನೆ ಕಚ್ಚಲಿಲ್ಲ ಕಣಮ್ಮ, ಅದರ ತಪ್ಪಿಲ್ಲ. ನಾನು ಹೇಳಬಾರದು ಅಂದ್ಕೊಂಡಿದ್ದೆ. ಅವನು ನನಗೆ ಹೊಡೆಯೋಕೆ ಬಂದಿದ್ದ.”

“ಯಾರು?”

“ನನ್ನ ಮಗ. ಏನೋ ಸರಬರ ಅನ್ನೋ ಬಟ್ಟೆ ಹಾಕ್ಕೊಂಡಿದ್ದ, ಮುಖ ಕಾಣ್ಲಿಲ್ಲ. ಅವನ ಮಂಡಿ ಲಟಕ್ ಅನ್ನೋದು ನನಗೆ ಗೊತ್ತಾಗಲ್ವಾ? ಮಂಚದ ಹತ್ರ ಬಂದು ಕೋಲು ಎತ್ತಿದ. ನೆರಳು ಕಾಣ್ತು. ನಾನು ಕಣ್ಣು ಮುಚ್ಕೊಂಡುಬಿಟ್ಟೆ. ಆಗ ದೊರೆ ಹಾರ್ತು.” ಬಾಚಣಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು: “ನಾನು ಅಷ್ಟು ಭಾರ ಆಗಿಬಿಟ್ನಾ ನಿಮಗೆ?”

ಅಂಗಡಿಗೆ ರಜೆ ಹೇಳಿ ನೇರ ಅವರ ಆಫೀಸಿಗೆ ಹೋದೆ. ಕೆಟ್ಟ ತಕ್ಕಡಿಗಳನ್ನು ರಾಶಿ ಹಾಕಿರುವ ಕೋಣೆಯಲ್ಲಿ ಬಾಗಿಲು ಮುಚ್ಚಿ ಕೇಳಿದೆ. ಅವರು ಅಲ್ಲಗಳೆಯಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು.

“ಆ ನಲ್ಲಿಯವನ ಹಾಗೆ ಯಾರಾದ್ರೂ ಬಂದ್ರೆ ನಾಯಿ ಏನ್ಮಾಡುತ್ತೆ ಅಂತ ನೋಡ್ಬೇಕಿತ್ತು. ರೇನ್‌ಕೋಟು, ಹೆಲ್ಮೆಟ್ ಹಾಕ್ಕೊಂಡು ಹೋದೆ. ಅದು ಗುರುತು ಹಿಡಿದು ಬಾಲ ಅಲ್ಲಾಡಿಸ್ತು. ಪರೀಕ್ಷೆ ಆಗ್ಲೇ ಇಲ್ಲ. ಅದಕ್ಕೇ ಕೋಲು ಎತ್ತಿದೆ. ಅಮ್ಮ ನಿದ್ದೆ ಮಾಡ್ತಿದ್ರು ಅಂದ್ಕೊಂಡೆ.”

“ನೀವೇ ಅಂತ ಗೊತ್ತಿದ್ದೂ ತಡೀತಲ್ರೀ! ಅನ್ನ ಹಾಕೋ ಕೈ ಅಂತಾನೂ ನೋಡ್ಲಿಲ್ಲ. ಅದಕ್ಕಿಂತ ಪಾಸು ಇನ್ನೇನು ಬೇಕಿತ್ತು ನಿಮಗೆ?”

“ಹೆತ್ತ ತಾಯಿ ಮೇಲೆ ಕೋಲು ಎತ್ತಿದೆ ಅಂತ ಬರೆದು ಸಹಿ ಹಾಕ್ಬೇಕಿತ್ತಾ? ನಾನು?”

ಆ “ನಾನು” ಕೇಳಿ ನನಗೆ ಮೈ ಉರಿದುಹೋಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೂ ಬೇಲಿಗೆ ತನ್ನ ಮಾನದ್ದೇ ಚಿಂತೆ. “ನಾಡಿದ್ದರೊಳಗೆ ನೀವು ಬರೀತೀರೋ, ನಾನೇ ಹೋಗಿ ಹೇಳ್ಲೋ?” ಎಂದೆ.

ಅಂದೇ ಮಧ್ಯಾಹ್ನ ಇಬ್ಬರೂ ಹೋದೆವು. ಯಜಮಾನರು ಹೊಸ ಫಾರಂನಲ್ಲಿ ಒಂದೂ ಬಿಡದೆ ಬರೆದರು. ಕೋಲು, ರೇನ್‌ಕೋಟು, ಹಿಂದಿನ ಸುಳ್ಳು. ಬರೆಯುವಾಗ ಕಿವಿ ಕೆಂಪಾಗಿತ್ತು. ನನಗೆ ಪಾಪ ಎನಿಸಿತು, ಹಾಗೆ ಎನಿಸಿದ್ದಕ್ಕೆ ಸಿಟ್ಟೂ ಬಂತು.

ಮೇಡಂ ಎರಡು ಫಾರಂಗಳನ್ನೂ ಪಕ್ಕಪಕ್ಕ ಇಟ್ಟು ಓದಿದರು. “ಒಂದೇ ತಕ್ಕಡಿ ಒಂದೊಂದ್ ಸಲ ಒಂದೊಂದ್ ತೂಕ ತೋರಿಸಿದ್ರೆ ನೀವೇನ್ ಮಾಡ್ತೀರಿ ಸರ್?”

“ಮುದ್ರೆ ಕಿತ್ತುಹಾಕ್ತೀನಿ,” ಎಂದರು ಇವರು, ತಲೆಯೆತ್ತದೆ.

“ಇಂಜೆಕ್ಷನ್ ನಿಲ್ಲಿಸ್ತೀನಿ. ಅದಕ್ಕೆ ಬೇರೆ ಮನೆ ಹುಡುಕ್ತೀನಿ. ನಿಮ್ಮ ಮನೆಗೆ ಮಾತ್ರ ಕೊಡೋಕಾಗಲ್ಲ.”

ನಾನು ಬೇಡಿಕೊಂಡೆ, ಅತ್ತೆಯ ವಿಷಯ ಹೇಳಿದೆ. ಮೇಡಂ ಕೇಳಿಸಿಕೊಂಡರು, ಒಪ್ಪಲಿಲ್ಲ. ಹೊರಡುವಾಗ ತಂತಿಬಲೆಯ ಹಿಂದೆ ದೊರೆ ಎದ್ದು ನಿಂತು ನನ್ನ ಕೈ ನೆಕ್ಕಿತು. ಆಮೇಲೆ ಯಜಮಾನರನ್ನು ನೋಡಿ ಅವರಿಗೂ ಬಾಲ ಆಡಿಸಿತು. ಅವರು ಕೈ ಚಾಚಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತರು.

ಮನೆಗೆ ಬಂದು ಅವರು ಅತ್ತೆಯ ಕಾಲ ಬಳಿ ಕೂತು ಎಲ್ಲ ಹೇಳಿದರು. “ಅದು ಬರೀ ಪರೀಕ್ಷೆ ಅಮ್ಮ. ನಿಜವಾಗ್ಲೂ ಅಲ್ಲ.” ಅತ್ತೆ ತಡವರಿಸಿ ಮಗನ ತಲೆ ಹುಡುಕಿ ಸವರಿದರು. “ಗೊತ್ತಾಯ್ತು ಬಿಡಪ್ಪ. ದೊರೆ ಬದುಕ್ತಲ್ಲ, ಸಾಕು.” ಅಂದು ಊಟವನ್ನೂ ಮಾಡಿದರು. ಸದ್ಯ, ಒಂದು ಮುಗಿಯಿತು ಅಂದುಕೊಂಡೆ.

ಮರುದಿನ ಊಟದ ಬಿಡುವಿನಲ್ಲಿ ಅತ್ತೆಯನ್ನು ನೋಡಿಕೊಂಡು ಬರೋಣವೆಂದು ಮನೆಗೆ ಓಡಿದೆ. ಅವರ ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಆ ಚಿಲಕ ಕೆಲಸ ಮಾಡುತ್ತದೆಂಬುದೇ ನನಗೆ ಗೊತ್ತಿರಲಿಲ್ಲ. ತಟ್ಟಿದೆ.

“ಯಾರು?”

“ನಾನೇ, ಅತ್ತೆ.”

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ಬಾಗಿಲಿನ ತೀರಾ ಹತ್ತಿರದಿಂದ, ಮೆಲ್ಲಗೆ ಕೇಳಿದರು:

“ಒಬ್ಬಳೇ ಬಂದಿದ್ದೀಯಾ?”

ಒಬ್ಬಳೇ ಎಂದೆ. ಆಗ ಚಿಲಕ ತೆಗೆದರು.