ಮೇಷ್ಟ್ರ ಕಾರಿನ ಕಾಯಿಲೆ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಎರಡು ವಿಷಯಗಳಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೂವತ್ತೊಂದು ವರ್ಷಗಳಲ್ಲಿ, ತಾವು ಪಕ್ಕದಲ್ಲಿ ಕೂತಿರುವಾಗ ಒಬ್ಬ ಶಿಷ್ಯನ ಕೈಯಲ್ಲೂ ಕಾರು ನಡುರಸ್ತೆಯಲ್ಲಿ ಆಫ್ ಆಗಿಲ್ಲ ಎನ್ನುವುದು ಒಂದು. ಈಗ ಆರು ತಿಂಗಳಿಂದ ಕಾರಿನೊಳಗೆ ಕೇಳಿಸುತ್ತಿರುವ ಶಬ್ದಕ್ಕೆ ತಮ್ಮನ್ನು ಬಿಟ್ಟು ಲೋಕದಲ್ಲಿ ಯಾರು ಬೇಕಾದರೂ ಕಾರಣರಾಗಿರಬಹುದು ಎನ್ನುವುದು ಇನ್ನೊಂದು.

ಕಾರಿಗೆ ಹತ್ತೊಂಬತ್ತು ವರ್ಷ. ಬಣ್ಣ ಬಿಳಿ ಎಂದು ಕಾಗದಪತ್ರದಲ್ಲಿ ಇದೆ. ಕಲಿಸುವ ಕಾರುಗಳಿಗೆಲ್ಲ ಇರುವಂತೆ ಅದಕ್ಕೂ ಪಕ್ಕದ ಸೀಟಿನ ಕೆಳಗೆ ಒಂದು ಕ್ಲಚ್, ಒಂದು ಬ್ರೇಕ್ ಹೆಚ್ಚಿಗೆ ಇದ್ದವು. ಕಲಿಯುವವರು ಎಡವಟ್ಟು ಮಾಡಿದರೆ ಮೇಷ್ಟ್ರು ಅಲ್ಲಿಂದಲೇ ಕಾರನ್ನು ಹಿಡಿದು ನಿಲ್ಲಿಸಬಹುದು. ಆ ಸೀಟಿನಲ್ಲಿ ಮೇಷ್ಟ್ರು ಎಷ್ಟು ಕೂತಿದ್ದರೆಂದರೆ, ಅದರ ಸ್ಪಂಜು ಅವರ ಮೈಯ ಅಳತೆಗೆ ತಗ್ಗಿತ್ತು. ಬೇರೆ ಯಾರು ಕೂತರೂ ಒಂದು ಕಡೆಗೆ ವಾಲಬೇಕಿತ್ತು.

ಶಬ್ದ ದೊಡ್ಡದೇನಲ್ಲ. ಎಣ್ಣೆ ಕಾಣದ ಬಾಗಿಲಿನಂತೆ ಕಿರ್ರೋ ಎಂದು ಸಣ್ಣಗೆ, ಬಿಡದೆ, ಹಲ್ಲು ಜುಮ್ಮೆನ್ನುವ ಹಾಗೆ ಕೊರೆಯುತ್ತಿತ್ತು. ಅದರ ಜೊತೆಗೆ ಕಾರಿನ ಕಸುವೂ ಉಡುಗಿತ್ತು. ನೀರಿನ ಟ್ಯಾಂಕಿನ ಏರು ಬಂತೆಂದರೆ ಎಂಜಿನ್ ಮುಗಿಲು ಹರಿಯುವಂತೆ ಅರಚುತ್ತಿತ್ತು, ಕಾರು ಮಾತ್ರ ಬಸುರಿಯಂತೆ ಹೆಜ್ಜೆ ಹಾಕುತ್ತಿತ್ತು.

"ಅರಚೋದು ಜಾಸ್ತಿ, ಕೆಲಸ ಕಮ್ಮಿ," ಎಂದಿದ್ದರು ಮೇಷ್ಟ್ರ ಹೆಂಡತಿ. "ಇಷ್ಟು ವರ್ಷ ನಿಮ್ಮ ಜೊತೆ ಇದ್ದಿದ್ದಕ್ಕೆ ಕಲಿತುಬಿಟ್ಟಿದೆ."

ಊರಿನಲ್ಲಿ ತಲೆಗೊಂದು ಮಾತು. ಪೆಟ್ರೋಲಿನಲ್ಲಿ ನೀರು ಬೆರೆತಿದೆ ಎಂದು ಕ್ಷೌರದಂಗಡಿಯವನು ಹೇಳಿದ. ಸೈಲೆನ್ಸರಿನಲ್ಲಿ ಇಲಿ ಗೂಡು ಕಟ್ಟಿದೆ ಎಂದು ಮೇಲ್ಮನೆಯ ಬಾಡಿಗೆದಾರ ಆಣೆ ಇಟ್ಟ. ಮೇಷ್ಟ್ರ ತೀರ್ಮಾನ ಬೇರೆಯೇ ಆಗಿತ್ತು. ಈಗಿನ ಶಿಷ್ಯರ ಕಾಲಲ್ಲಿ ಬುದ್ಧಿಯಿಲ್ಲ, ಕಂಡಾಬಟ್ಟೆ ತುಳಿದು ತುಳಿದು ಎಂಜಿನ್ನಿನ ಒಳಗರುಳನ್ನೇ ಕೆಡಿಸಿದ್ದಾರೆ ಎಂದು ಅವರು ದಿನಕ್ಕೆ ನಾಲ್ಕು ಸಲ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಅವರೇ ಶಿಷ್ಯರಿಗೆ ಹೇಳುತ್ತಿದ್ದುದರಿಂದ, ಅದು ತಮಗೂ ಅನ್ವಯಿಸಬಹುದೆಂದು ಅವರಿಗೆ ತೋಚಲಿಲ್ಲ.

ಕಾರಿನ ಕಾಯಿಲೆಗೆ ಇನ್ನೊಂದು ಗಂಟು ಬಿದ್ದಿತ್ತು. ಮೇಷ್ಟ್ರಿಗೆ ಒಬ್ಬಳೇ ಮಗಳು. ಕಲಿಸುವವರ ಪರೀಕ್ಷೆಯನ್ನು ಅವಳು ಮೊದಲನೆಯ ಸಲಕ್ಕೇ ಪಾಸು ಮಾಡಿ ಎರಡು ವರ್ಷವಾಗಿತ್ತು. ಆ ಎರಡು ವರ್ಷವೂ ಅವಳು ಸ್ಕೂಲಿನ ಮುಂದಿನ ಕೋಣೆಯಲ್ಲಿ ಅರ್ಜಿ ತುಂಬಿಸುತ್ತ, ಫೋಟೊ ಅಂಟಿಸುತ್ತ, ಫ್ಯಾನಿನ ಕೆಳಗೆ ಹಾರುವ ಕಾಗದಗಳ ಮೇಲೆ ಸ್ಪ್ಯಾನರ್ ಇಡುತ್ತ ಕಳೆದಿದ್ದಳು. ಹಿತ್ತಲ ಗಿಡ ಮದ್ದಲ್ಲ. ಕೇಳಿದಾಗೆಲ್ಲ ಮೇಷ್ಟ್ರು, "ಆಗ್ಲಿ ನೋಡೋಣ," ಎನ್ನುತ್ತಿದ್ದರು. ಶಬ್ದ ಶುರುವಾದ ಮೇಲೆ ಅವರಿಗೆ ಗಟ್ಟಿ ನೆಪವೇ ಸಿಕ್ಕಿತು.

"ಕಾರಿಗೆ ಹುಷಾರಿಲ್ಲಮ್ಮ. ಇಂಥ ಹೊತ್ತಲ್ಲಿ ಹೊಸಬರ ಕೈಗೆ ಕೊಡಕ್ಕಾಗತ್ತಾ? ಈ ಶಬ್ದ ಹೋದ ದಿನ ಪಕ್ಕದ ಸೀಟು ನಿಂದೇ. ಮಾತು ಅಂದ್ರೆ ಮಾತು."

ಅಷ್ಟರಲ್ಲಿ ಮಾರುಕಟ್ಟೆಯ ಆಚೆಗಿರುವ ದೊಡ್ಡ ಡ್ರೈವಿಂಗ್ ಸ್ಕೂಲಿನವರು ಮಗಳನ್ನು ಕಲಿಸುವ ಕೆಲಸಕ್ಕೆ ಕರೆದರು. ಬರುತ್ತಾಳೋ ಇಲ್ಲವೋ ಎನ್ನುವುದನ್ನು ಶನಿವಾರದೊಳಗೆ ಹೇಳಬೇಕಿತ್ತು. ಅವಳು ಅದನ್ನು ಊಟದ ಹೊತ್ತಿನಲ್ಲಿ ಮೆಲ್ಲಗೆ ಹೇಳಿದಳು. ಮೇಷ್ಟ್ರು ಅನ್ನಕ್ಕೆ ಮತ್ತೊಮ್ಮೆ ಸಾರು ಬಡಿಸಿಕೊಂಡರು. ಮಗಳು ಹೋಗುತ್ತಾಳೆ ಎಂಬ ದುಃಖ ಒಂದು ಕಡೆ, ಸೀಟು ಬಿಡಬೇಕಲ್ಲ ಎಂಬ ಸಂಕಟ ಇನ್ನೊಂದು ಕಡೆ. ಯಾವುದು ಹೆಚ್ಚು ತೂಗುತ್ತದೆ ಎಂದು ನೋಡಿಕೊಳ್ಳುವ ಧೈರ್ಯ ಅವರಿಗಿರಲಿಲ್ಲ.

ಮೆಕ್ಯಾನಿಕ್ಕನ್ನು ಎಲ್ಲರೂ ನಿಧಾನಿ ಎಂದೇ ಕರೆಯುತ್ತಿದ್ದರು. ಒಂದು ನಟ್ಟು ಬಿಚ್ಚಿದರೆ ಅದನ್ನು ಒರೆಸಿ, ಬೆಳಕಿಗೆ ಹಿಡಿದು, ತಟ್ಟೆಯಲ್ಲಿಟ್ಟು, ಆಮೇಲೆ ಇನ್ನೊಂದಕ್ಕೆ ಕೈಹಾಕುವ ಪೈಕಿ. ಅವನು ಪ್ಲಗ್ ಬದಲಿಸಿದ, ಏರ್ ಫಿಲ್ಟರ್ ಬದಲಿಸಿದ, ಪೆಟ್ರೋಲ್ ಪೈಪು ಊದಿ ನೋಡಿದ, ಸೈಲೆನ್ಸರ್ ಬಿಚ್ಚಿ ಕುಟ್ಟಿದ. ಒಳಗಿನಿಂದ ಒಂದು ಹಿಡಿ ತುಕ್ಕು ಬಿತ್ತು, ಇಲಿ ಬೀಳಲಿಲ್ಲ. ವಿಚಿತ್ರವೆಂದರೆ ಶೆಡ್ಡಿನಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದಾಗ ಎಂಜಿನ್ ಹಾಲು ಕುಡಿದ ಮಗುವಿನಷ್ಟು ತಣ್ಣಗಿರುತ್ತಿತ್ತು. ನಿಧಾನಿ ಒಬ್ಬನೇ ಓಡಿಸಿಕೊಂಡು ಹೋದರೂ ಶಬ್ದವಿಲ್ಲ. ಮೇಷ್ಟ್ರು ಪಕ್ಕದಲ್ಲಿ ಕೂತು "ಈಗ ಕೇಳು" ಎಂದರೆ ಸಾಕು, ಕಿರ್ರೋ ಎಂದು ಹಾಜರು.

"ನೋಡು ಇದರ ಕಳ್ಳಬುದ್ಧಿ!" ಎಂದು ಮೇಷ್ಟ್ರು ಡ್ಯಾಶ್‌ಬೋರ್ಡಿಗೆ ಗುದ್ದಿದರು. "ನಿನ್ನ ಕಂಡ್ರೆ ಹೆದರಿ ಸುಮ್ಮನಾಗತ್ತೆ. ನನ್ನ ಹತ್ರ ಸಲುಗೆ."

ನಿಧಾನಿ ಕಿವಿ ಕೆರೆದುಕೊಂಡ. ಮೇಷ್ಟ್ರು ಅಪ್ಪಣೆ ಕೊಟ್ಟರು: "ಎಂಜಿನ್ ಪೂರ್ತಿ ಬಿಚ್ಚು. ಎರಡು ತಿಂಗಳಾದ್ರೂ ಪರವಾಗಿಲ್ಲ." ಶನಿವಾರಕ್ಕೆ ಎರಡೇ ದಿನ ಉಳಿದಿದ್ದು ಅವರಿಗೆ ನೆನಪಿರಲಿಲ್ಲವೆಂದಲ್ಲ.

ಗುರುವಾರ ಬೆಳಿಗ್ಗೆ ಎಂಜಿನ್ ಎತ್ತುವ ಸರಪಳಿ ಇಳಿಬಿಟ್ಟಾಗಿತ್ತು. ಅಷ್ಟರಲ್ಲಿ ಮಗಳು ಶೆಡ್ಡಿಗೆ ಬಂದಳು. ಅವಳ ಹಿಂದೆ ಒಬ್ಬ ಶಿಷ್ಯೆ, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ದರ್ಜಿ ಹೆಂಗಸು. ಇಪ್ಪತ್ತು ವರ್ಷ ಹೊಲಿಗೆ ಮಿಷಿನ್ನು ತುಳಿದ ಕಾಲು ಆಕೆಯದು. ಆದರೂ ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದಳು. ಎರಡು ಸಲವೂ ಪರೀಕ್ಷೆಯ ಅಧಿಕಾರಿ ಪಕ್ಕದಲ್ಲಿ ಕೂತದ್ದೇ ತಡ, ಕಾರು ಏರಿನಲ್ಲಿ ಗಕ್ಕೆಂದು ಆಫ್ ಆಗಿತ್ತು. "ನಿಮಗೆ ಪುಕ್ಕಲು," ಎಂದು ಮೇಷ್ಟ್ರು ಸಾಲಿನಲ್ಲಿ ನಿಂತಿದ್ದವರಿಗೆಲ್ಲ ಕೇಳುವಂತೆ ಬೈದಿದ್ದರು.

"ಬಿಚ್ಚೋ ಮುಂಚೆ ಒಂದೇ ಒಂದು ರೌಂಡ್ ಹೋಗೋಣಪ್ಪ," ಎಂದಳು ಮಗಳು. "ಅಕ್ಕ ಓಡಿಸ್ತಾರೆ. ನಾನು ಪಕ್ಕದಲ್ಲಿ ಕೂರ್ತೀನಿ. ನೀವೂ ಇವರೂ ಹಿಂದೆ ಕೂತು ಶಬ್ದ ಎಲ್ಲಿಂದ ಬರತ್ತೆ ಕೇಳಿ."

"ನಾನು? ಹಿಂದೆ?"

"ಹಿಂದಿನಿಂದ ಚೆನ್ನಾಗಿ ಕೇಳಿಸತ್ತೆ ಮೇಷ್ಟ್ರೇ," ಎಂದ ನಿಧಾನಿ. ಅವನು ಅಷ್ಟು ಬೇಗ ಮಾತಾಡಿದ್ದನ್ನು ಯಾರೂ ಹಿಂದೆ ಕಂಡಿರಲಿಲ್ಲ.

ಹೀಗೆ ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಮೇಷ್ಟ್ರು ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಮಂಡಿ ಮುಂದಿನ ಸೀಟಿಗೆ ಒತ್ತುತ್ತಿತ್ತು. ಕಾರು ಹೊರಟಿತು. ಅಂಚೆ ಕಚೇರಿ ದಾಟಿತು, ಶಾಲೆಯ ಗೋಡೆ ದಾಟಿತು. ಶಬ್ದವಿಲ್ಲ. ಮೇಷ್ಟ್ರು ಬಗ್ಗಿ, ಕಿವಿಗೆ ಕೈಯಡ್ಡ ಹಿಡಿದು, ಶಬ್ದ ಬಂದರೆ ಸಾಕು ಎಂದು ಹಾರೈಸುತ್ತ ಕೂತರು. ಮಗಳ ಎರಡೂ ಪಾದಗಳು ಪೆಡಲಿನಿಂದ ದೂರ, ಸೀಟಿನ ಅಂಚಿಗೆ ಹಿಂದೆ ಸರಿದಿದ್ದವು. ಅದನ್ನು ಕಂಡ ಮೇಷ್ಟ್ರಿಗೆ ಎದೆ ಹಾರಿತು. ಎಂಥ ಬೇಜವಾಬ್ದಾರಿ ಹುಡುಗಿ!

ಟ್ಯಾಂಕಿನ ಏರು ಶುರುವಾಗುವ ಮುಂಚೆ ನಿಧಾನಿ ಕಾರನ್ನು ಬದಿಗೆ ನಿಲ್ಲಿಸಲು ಹೇಳಿದ. "ಈಗ ಮೇಷ್ಟ್ರು ಮುಂದೆ ಬರ್ಲಿ. ನೀವು ಹಿಂದೆ ಬನ್ನಿ ಅಮ್ಮ," ಎಂದ ಮಗಳಿಗೆ.

ಮೇಷ್ಟ್ರು ತಮ್ಮ ತಗ್ಗಿನಲ್ಲಿ ಕೂತು ಹಾಯಾಗಿ ಉಸಿರು ಬಿಟ್ಟರು. ಕಾರು ನಾಲ್ಕು ಮಾರು ಹೋಗಿರಲಿಲ್ಲ, ಕಿರ್ರೋ!

"ಬಂತು, ಬಂತು!" ಮೇಷ್ಟ್ರ ಮುಖ ಅರಳಿತು. "ನಾ ಹೇಳ್ಲಿಲ್ವಾ?"

ಹಿಂದಿನ ಸೀಟಿನಿಂದ ಒಂದು ಟಾರ್ಚು ಮುಂದೆ ಬಂತು, ಅದರ ಹಿಂದೆ ನಿಧಾನಿಯ ತಲೆ ಬಂತು. ಬೆಳಕು ಕೆಳಗಿಳಿದು ಮೇಷ್ಟ್ರ ಪಾಲಿಶು ಮಾಡಿದ ಎಡಗಾಲಿನ ಬೂಟಿನ ಮೇಲೆ ನಿಂತಿತು. ಬೂಟು ಕ್ಲಚ್ಚಿನ ಮೇಲೆ, ಬೆಕ್ಕು ಒಲೆಯ ಪಕ್ಕ ಮಲಗಿದಷ್ಟು ಸುಖವಾಗಿ ಮಲಗಿತ್ತು.

"ಮೇಷ್ಟ್ರೇ, ಸ್ವಲ್ಪ ಕಾಲು ತೆಗೀರಿ."

ತೆಗೆದರು. ಶಬ್ದ ನಿಂತಿತು.

"ಇಡಿ."

ಕಿರ್ರೋ.

"ತೆಗೀರಿ."

ಮೌನ. ದರ್ಜಿ ಹೆಂಗಸು ಯಾರೂ ಹೇಳದೆ ಕಾರನ್ನು ಬದಿಗೆ ತಂದು ನಿಲ್ಲಿಸಿದಳು.

ನಿಧಾನಿ ತನ್ನ ಜಾಯಮಾನದಂತೆ ನಿಧಾನವಾಗಿ ಹೇಳಿದ. ಪಕ್ಕದ ಕ್ಲಚ್ ಒತ್ತಿದರೆ ಅಸಲಿ ಕ್ಲಚ್ಚೂ ಒತ್ತಿಕೊಳ್ಳುತ್ತದೆ. ಇಡೀ ದಿನ ಅರ್ಧಂಬರ್ಧ ಕಾಲಿಟ್ಟರೆ ಒಳಗಿನ ಬೇರಿಂಗ್ ಸವೆದು ಅಳುತ್ತದೆ; ಗೇರಿಗೆಂದು ಒಮ್ಮೆ ಪೂರ್ತಿ ತುಳಿದು ಬಿಟ್ಟರೆ ಅಳುವುದಿಲ್ಲ. ಪ್ಲೇಟು ಪೂರ್ತಿ ಹಿಡಿಯುವುದಿಲ್ಲ, ಎಂಜಿನ್ ಎಷ್ಟು ತಿರುಗಿದರೂ ಅದರ ಬಲ ಚಕ್ರಕ್ಕೆ ಹೋಗುವುದಿಲ್ಲ. "ಎಂಜಿನ್ ಕಲ್ಲುಗುಂಡು ಇದ್ದಂಗಿದೆ ಮೇಷ್ಟ್ರೇ. ಬಿಚ್ಚಬೇಕಾಗಿರೋದು ಅದನ್ನಲ್ಲ."

"ನಾನೇನು ಕಾಲು ಇಟ್ಟಿರ್ಲಿಲ್ಲ," ಎಂದರು ಮೇಷ್ಟ್ರು. "ಸುಮ್ಮನೆ ತಾಗಿಸಿದ್ದೆ ಅಷ್ಟೇ. ಜನರ ಜೀವದ ಪ್ರಶ್ನೆ. ಇವರೆಲ್ಲ ಯಾವಾಗ ಏನು ಮಾಡ್ತಾರೋ ಯಾರಿಗೆ ಗೊತ್ತು?"

ಸ್ಟಿಯರಿಂಗ್ ಹಿಡಿದಿದ್ದ ದರ್ಜಿ ಹೆಂಗಸು ಅವರ ಕಡೆಗೆ ತಿರುಗಿದಳು. ಏನನ್ನೋ ಮನಸ್ಸಿನಲ್ಲೇ ಅಳೆಯುತ್ತಿದ್ದಂತಿತ್ತು.

"ಅಂದ್ರೆ ಸಾರ್, ಇಷ್ಟು ದಿನ ಕ್ಲಚ್ ಬಿಡ್ತಿದ್ದಿದ್ದು ನಾನಲ್ಲ, ನೀವಾ?"

ಮೇಷ್ಟ್ರು ಕಿಟಕಿಯಾಚೆಗೆ ನೋಡಿದರು.

"ಅದಕ್ಕೇ ನನ್ನ ಕಾಲಿಗೆ ಏನೂ ಸಿಗ್ತಿರ್ಲಿಲ್ಲ. ದಾರ ಇಲ್ಲದ ಮಿಷಿನ್ ತುಳಿದ ಹಾಗೆ. ಪರೀಕ್ಷೇಲಿ ಸಾಹೇಬ್ರು ಕಾಲು ಇಡಲ್ಲ, ಗಾಡಿ ಆಫ್. ನೀವು ಪುಕ್ಕಲು ಅಂದ್ರಿ. ನಾನೂ ಹೌದು ಅಂದ್ಕೊಂಡು ಮನೆಗೆ ಹೋಗಿ ಅತ್ತೆ ಸಾರ್. ಎರಡು ಸಲ."

ಹಿಂದಿನಿಂದ ಮಗಳ ದನಿ ಬಂತು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮೇಷ್ಟ್ರು ಎದುರು ಕೂಗಿ ಗೆದ್ದುಬಿಡುತ್ತಿದ್ದರು.

"ನನಗೂ ಹಾಗೇ ಕಲಿಸಿದ್ರಪ್ಪ. ಲೈಸೆನ್ಸ್ ಬಂದ ದಿನ ಗೆಳತಿ ಕಾರು ತಗೊಂಡು ಒಬ್ಬಳೇ ಹೋದೆ. ಸಿಗ್ನಲ್‌ನಲ್ಲಿ ಹನ್ನೊಂದು ಸಲ ಆಫ್ ಆಯ್ತು. ಹಿಂದಿನವರು ಇಳಿದು ಬಂದು ಕಾರು ತಳ್ಳಿ ಬದಿಗಿಟ್ರು. ಡ್ರೈವಿಂಗ್ ಮೇಷ್ಟ್ರ ಮಗಳು ಅಂತ ಗೊತ್ತಾಗಬಾರದು ಅಂತ ಮುಖ ಮುಚ್ಕೊಂಡಿದ್ದೆ. ಆಮೇಲೆ ಇವರ ಶೆಡ್ ಹಿಂದೆ, ಭಾನುವಾರ ಭಾನುವಾರ, ನಾನೇ ಮೊದಲಿಂದ ಕಲಿತೆ. ನಿಮಗೆ ಬೇಜಾರಾಗತ್ತೆ ಅಂತ ಹೇಳಿರ್ಲಿಲ್ಲ."

ಮೇಷ್ಟ್ರಿಗೆ ಮುಖಕ್ಕೆ ಹೊಡೆದಂತಾಯಿತು. ಒಂದು ಸಲವೂ ಆಫ್ ಆಗದ ಮೂವತ್ತೊಂದು ವರ್ಷ! ಆ ಹೆಮ್ಮೆಯನ್ನು ಬೋರ್ಡಿನ ಮೇಲೆ ಬರೆಸಿದ್ದರು, ಮದುವೆಮನೆಗಳಲ್ಲಿ ಹೇಳಿದ್ದರು. ಎಷ್ಟೋ ಸಾವಿರ ಜನರಿಗೆ ಕಲಿಸಿದೆ ಎಂದುಕೊಂಡಿದ್ದರು. ಕಾರು ಓಡಿಸಿದವರು ತಾವೊಬ್ಬರೇ, ಉಳಿದವರೆಲ್ಲ ಸ್ಟಿಯರಿಂಗ್ ಹಿಡಿದು ಕೂತ ಪ್ರಯಾಣಿಕರು. ಆದರೂ ಜೀವವಿರುವವರೆಗೆ ಜಂಭ ಬಿಡುತ್ತದೆಯೇ?

"ಸರಿ," ಎಂದು ಗಂಟಲು ಸರಿಮಾಡಿಕೊಂಡರು. "ಮೊದಲು ಬೇರಿಂಗ್ ಬದಲಾಯಿಸ್ಲಿ. ಆಮೇಲೆ ಕೂತು ಯೋಚನೆ ಮಾಡೋಣ. ಕಾಯಿಲೆ ಇನ್ನೂ ಪೂರ್ತಿ ಹೋಗಿಲ್ವಲ್ಲ."

"ನಾನು ಕೂತಾಗ ಶಬ್ದ ಇರ್ಲಿಲ್ಲ," ಎಂದಳು ಮಗಳು. "ಮಾತು ಅಂದ್ರೆ ಮಾತು ಅಂದಿದ್ರಿ. ಬೇಡ ಅಂದ್ರೆ ಈಗ್ಲೇ ಹೇಳಿಬಿಡಿ. ಮಾರ್ಕೆಟ್ ಆಚೆಯವರಿಗೆ ಇವತ್ತೇ ಫೋನ್ ಮಾಡ್ತೀನಿ."

ಮೇಷ್ಟ್ರು ಬಾಗಿಲು ತೆರೆದರು. ಇಳಿದು ಹಿಂದೆ ಬರಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಸೊಂಟ ನೋವು ಎಂದರು. ಯಾರೂ ಕೇಳಿರಲಿಲ್ಲ.

ಮಗಳು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು. ಕಾರು ಟ್ಯಾಂಕಿನ ಏರಿಗೆ ಮುಖ ಮಾಡಿತು. ಅರ್ಧ ಏರಿನಲ್ಲಿ ಎದುರಿಗೆ ಲಾರಿ ಬಂತು, ದರ್ಜಿ ಹೆಂಗಸು ಕಾರು ನಿಲ್ಲಿಸಿದಳು. ಮತ್ತೆ ಹೊರಡಲು ಕ್ಲಚ್ ಬಿಟ್ಟಳು. ಕಾರು ಒಮ್ಮೆ ಕುಪ್ಪಳಿಸಿ ಗಕ್ಕೆಂದು ಆಫ್ ಆಯಿತು.

ಹಿಂದೆ ಹಾರ್ನುಗಳು ಶುರುವಾದವು. ಮೇಷ್ಟ್ರ ಎಡಗಾಲು ತಾನೇ ತಾನಾಗಿ ನೆಲವನ್ನು ಒತ್ತಿತು. ಬಾಯಿ ತೆರೆದರು. ನಿಧಾನಿ ಅವರ ತೊಡೆಯ ಮೇಲೆ ಗ್ರೀಸಿನ ಕೈಯಿಟ್ಟು ಅದುಮಿದ. ಮೇಷ್ಟ್ರು ಬಾಯಿ ಮುಚ್ಚಿದರು.

ಮಗಳು ಏನೂ ಮಾಡಲಿಲ್ಲ, ಏನೂ ಹೇಳಲಿಲ್ಲ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮುಂದೆ ನೋಡುತ್ತಿದ್ದಳು. ದರ್ಜಿ ಹೆಂಗಸು ಹ್ಯಾಂಡ್‌ಬ್ರೇಕ್ ಎಳೆದಳು, ಕೀಲಿ ತಿರುಗಿಸಿದಳು. ಎರಡನೆಯ ಸಲವೂ ಆಫ್ ಆಯಿತು. ಹಿಂದಿನವನೊಬ್ಬ ತಲೆ ಹೊರಗೆ ಹಾಕಿ ಬೈದ. ಆಕೆ ಚಪ್ಪಲಿ ಕಳಚಿ ಬದಿಗೆ ತಳ್ಳಿ, ಬರಿಗಾಲಿನಲ್ಲಿ ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ ಹೋದಳು. ಒಂದು ಹಂತಕ್ಕೆ ಬಂದಾಗ ಕಾರಿನ ಮೂಗು ಸ್ವಲ್ಪ ಮೇಲೆದ್ದಿತು. ಆಕೆ ಕಾಲನ್ನು ಅಲ್ಲೇ ಹಿಡಿದಳು.

"ಸಿಕ್ತು," ಎಂದಳು, ತನಗೆ ತಾನೇ. "ಇಲ್ಲಿದೆ!"

ಕಾರು ಏರು ಹತ್ತಿತು. ಟ್ಯಾಂಕು ದಾಟಿತು. ದರ್ಜಿ ಹೆಂಗಸು ಜೋರಾಗಿ ನಕ್ಕಳು, ಮಗಳೂ ನಕ್ಕಳು. ಮುಂದಿನ ಸೀಟುಗಳಲ್ಲಿ ಇಬ್ಬರೂ ಮಾತಿಗೆ ಬಿದ್ದರು: ಕಾಲಿಗೆ ಏನು ಗೊತ್ತಾಯಿತು, ಎಷ್ಟು ಬಿಟ್ಟಾಗ ಹಿಡಿಯಿತು, ಇನ್ನೊಂದು ಸಲ ಕೆಳಗಿನಿಂದ ಹತ್ತೋಣವೇ. ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಬ್ಬ ಶಿಷ್ಯೆಯೂ ತಮ್ಮ ಕಾರಿನಲ್ಲಿ ಹೀಗೆ ನಕ್ಕಿದ್ದು ಮೇಷ್ಟ್ರಿಗೆ ನೆನಪಾಗಲಿಲ್ಲ.

"ನನ್ನನ್ನ ಇಲ್ಲೇ ಇಳಿಸಿ," ಎಂದರು. "ನಡ್ಕೊಂಡು ಹೋಗ್ತೀನಿ."

ದರ್ಜಿ ಹೆಂಗಸು ಗಾಬರಿಯಾಗಿ ಬ್ರೇಕಿನತ್ತ ಕಾಲು ತಂದಳು. ಮಗಳು ಕನ್ನಡಿಯ ಕಡೆ ಬೆರಳು ತೋರಿಸಿದಳು.

"ಅವಸರ ಇಲ್ಲ ಅಕ್ಕ. ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಜಾಗ ನಿಮಗೆ ಸರಿ ಅನ್ನಿಸಿದಾಗ ನಿಲ್ಲಿಸಿ. ಅಪ್ಪ ಕಾಯ್ತಾರೆ."