ಪಾಲುದಾರನ ಮನೆಯವರ ಜೊತೆ ಅರಮನೆಗೆ

ಪರದೇಶದ ಅರಮನೆ ಎಂದರೆ ಸುಮ್ಮನೆಯೇ? ಜನ್ಮವಿಡೀ ಊರವರ ಬ್ಲೌಸು, ಲಂಗ ಹೊಲಿದುಕೊಂಡು ಬಂದ ಟೈಲರಮ್ಮ ಮೊದಲ ಹಜಾರದಲ್ಲೇ ಬಾಯಿ ಬಿಟ್ಟುಕೊಂಡು ನಿಂತಳು. ಮಗಳು ನರ್ಸಿಂಗ್ ಮುಗಿಸಿದ ಖುಷಿಗೆ ತಾಯಿ ಮಗಳಿಬ್ಬರಿಗೂ ಈ ಪ್ರವಾಸ. ಕರೆತಂದವನು ಟೈಲರಮ್ಮನ ಅಣ್ಣ, ಪೂರ್ತಿ ಖರ್ಚೂ ಅವನದೇ. ಗಂಡ ತೀರಿಕೊಂಡಾಗ ಮುಖ ತೋರಿಸಿ ಹೋದವನು ಇದ್ದಕ್ಕಿದ್ದಂತೆ ಹೀಗೆ ಧಾರಾಳಿಯಾದದ್ದು ಹೇಗೆ ಎಂದು ಅವಳು ಯೋಚಿಸಲಿಲ್ಲ. ತವರಿನವರು ಕೊಟ್ಟದ್ದನ್ನು ಯಾವ ಹೆಣ್ಣು ತಾನೇ ಬೇಡವೆಂದಾಳು!

ಊರು ತೋರಿಸಲು ಅಣ್ಣನ ವ್ಯಾಪಾರದ ಪಾಲುದಾರ, ಅವನ ಹೆಂಡತಿ, ಮಗ ಬಂದಿದ್ದರು. ಅವರು ಇಲ್ಲೇ ನೆಲೆಸಿದವರು. ಮಗನ ಕಣ್ಣು ಮೊಬೈಲಿನಲ್ಲೇ ನೆಟ್ಟಿತ್ತು.

ಗುಮ್ಮಟದ ಕೆಳಗೆ ಪಾಲುದಾರನ ಹೆಂಡತಿ ಹುಡುಗಿಯ ಬೆನ್ನು ತಟ್ಟಿ, ಒಂದು ಹಾಡು ಹೇಳು, ದನಿ ಹೇಗೆ ಮೊಳಗುತ್ತದೆ ನೋಡೋಣ ಎಂದಳು. ಹುಡುಗಿ ನಾಚಿಕೊಂಡೇ ಹಾಡಿದಳು. ಟೈಲರಮ್ಮನಿಗೆ ಹೆಮ್ಮೆಯೋ ಹೆಮ್ಮೆ. ಆಮೇಲೆ ರಾಣಿಯರ ಒಡವೆಗಳ ಕೋಣೆಯಲ್ಲಿ ಪಾಲುದಾರನ ಹೆಂಡತಿ ಹುಡುಗಿಯ ಕೈ ಹಿಡಿದು, ಹೆಬ್ಬೆರಳಿಗೆ ನಡುಬೆರಳು ಸೇರಿಸಿ ಮಣಿಕಟ್ಟನ್ನು ಸುತ್ತಿ ನೋಡಿದಳು. ಅಳತೆ ತೆಗೆದೇ ಹೊಟ್ಟೆ ಹೊರೆದವಳಿಗೆ ಅದು ಅಳತೆ ಎಂದು ಗೊತ್ತಾಗದೆ ಇರುತ್ತದೆಯೇ?

ಅರಮನೆ ನೋಡಿ ಮುಗಿಸಿ ಹೋದ ದೇವಸ್ಥಾನ ಗುಡ್ಡದ ಮೇಲಿತ್ತು. ನೀನೊಬ್ಬಳೇ ಹತ್ತಮ್ಮ, ಕೆಳಗಿನಿಂದ ವೀಡಿಯೋ ತೆಗೆಯುತ್ತೇವೆ ಎಂದಳು ಪಾಲುದಾರನ ಹೆಂಡತಿ. ಹುಡುಗಿ ದುಪಟ್ಟಾ ಸೊಂಟಕ್ಕೆ ಬಿಗಿದು ಓಡುತ್ತಲೇ ಹತ್ತಿದಳು. ಹಾಡಿಸಿದ್ದಾಯಿತು, ಕೈ ನೋಡಿದ್ದಾಯಿತು, ಈಗ ನಡೆಸಿ ನೋಡುತ್ತಿದ್ದಾರೆ! ಟೈಲರಮ್ಮನನ್ನೂ ಒಂದು ಕಾಲದಲ್ಲಿ ಹೀಗೇ ನೋಡಿದ್ದರು. ಆದರೆ ಅದು ಅವಳದೇ ಮನೆಯ ಚಾಪೆಯ ಮೇಲೆ, ಅಪ್ಪ ಅಮ್ಮನ ಎದುರಿಗೆ, ಹೇಳಿ ಕೇಳಿ ನಡೆದದ್ದು. ಹೆಣ್ಣು ನೋಡುವುದನ್ನು ಕದ್ದು ಮಾಡುವವರ ಮನಸ್ಸಿನಲ್ಲಿ ಇನ್ನೇನಿದೆಯೋ ಎಂದು ಅವಳಿಗೆ ಭಯವಾಯಿತು.

“ಕಾಲು ಗಟ್ಟಿಯಾಗಿದೆ,” ಎಂದು ಪಾಲುದಾರನ ಹೆಂಡತಿ ಗಂಡನಿಗೆ ಹೇಳಿದಳು. “ಹಿಂದಿನವಳು ನಾಲ್ಕು ಮೆಟ್ಟಿಲಿಗೇ ಕೂತುಬಿಡ್ತಿದ್ಲು.”

ಹಿಂದಿನವಳು ಎಂದರೆ ಯಾರು, ಈಗ ಎಲ್ಲಿದ್ದಾಳೆ ಎಂದು ಟೈಲರಮ್ಮ ಕೇಳಿಯೇ ಕೇಳಿದಳು. ಪಾಲುದಾರ ಗೋಪುರ ನೋಡುತ್ತ ನಿಂತ. ಅವನ ಹೆಂಡತಿ ಕೇಳಿಸದವಳಂತೆ ಮೆಟ್ಟಿಲು ಹತ್ತಿ ಹೊರಟಳು. ಮಗ ಮಾತ್ರ ತಲೆಯೆತ್ತಿ ಸಣ್ಣಗೆ ನಕ್ಕ.

ಟೈಲರಮ್ಮ ಅಣ್ಣನನ್ನು ಪಕ್ಕಕ್ಕೆ ಎಳೆದು ದಬಾಯಿಸಿದಳು. ಒಳ್ಳೆ ಮನೆತನ, ಕೂತು ಉಂಡರೂ ಕರಗದಷ್ಟಿದೆ, ತಂದೆಯಿಲ್ಲದ ಮಗುವಿಗೆ ಸೋದರಮಾವನಲ್ಲದೆ ಇನ್ಯಾರು ದಿಕ್ಕು ಎಂದು ಅವನು ಬೆಣ್ಣೆಯಂಥ ಮಾತಾಡಿದ. ಹಿಂದಿನವಳ ಸುದ್ದಿ ಎತ್ತಿದರೆ, ಅದೆಲ್ಲ ನಿನಗೇಕೆ ಎಂದ. ಅವಳಿಗೆ ಇನ್ನೇನೂ ಕೇಳಬೇಕೆನಿಸಲಿಲ್ಲ. ಕಳೆದುಹೋದೀತೆಂದು ವಿಮಾನ ಇಳಿದ ಕೂಡಲೇ ನೀನು ಇಸಿದುಕೊಂಡ ಇಬ್ಬರ ಪಾಸ್‌ಪೋರ್ಟನ್ನೂ ಈಗಲೇ ಕೊಡು, ಊರಿಗೆ ಹೊರಡುತ್ತೇವೆ ಎಂದಳು.

ಅಣ್ಣ ಜೇಬಿನಿಂದ ಒಂದನ್ನು ತೆಗೆದು ಕೊಟ್ಟ. ಅದು ಅವಳದು.

“ಮಗೂದು ಎಲ್ಲಣ್ಣ?”

“ಅವರ ಕೈಗೆ ಕೊಟ್ಟಾಯ್ತು ಕಣೇ. ನೀನು ನಾಳೆ ಹೊರಡು.”

ಮೇಲೆ ಪಾಲುದಾರನ ಹೆಂಡತಿ ಹುಡುಗಿಯ ತೋಳು ಹಿಡಿದು ನಿಂತಿದ್ದಳು. ಹುಡುಗಿ ನಗುನಗುತ್ತ, ಬಾರಮ್ಮ, ಇಲ್ಲಿಂದ ಇಡೀ ಊರು ಕಾಣುತ್ತದೆ ಎಂದು ಕೈಬೀಸಿ ಕರೆದಳು. ಟೈಲರಮ್ಮ ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲ ಕಡೆ ಓಡಿದಳು.

ಪಾಲುದಾರನ ಮಗ ಆಗಲೇ ಬಂದು ದಾರಿಗೆ ಅಡ್ಡ ನಿಂತಿದ್ದ.

“ಚಪ್ಪಲಿ ಬಿಟ್ಟು ಹತ್ತಿ, ಅತ್ತೆ,” ಎಂದ.