ಶೇವಂತೆವ್ವನ ಹಾಡು

“ನಮ್ಮವ್ವ ಕಸಬರಗಿ ಹಿಡದಾಕಿ ಅಲ್ಲಲೇ! ಆ ಶಬ್ದ ತಗದು ಹೂವಿನ ಬುಟ್ಟಿ ಹಾಕು.”

ಹತ್ತಿ ವ್ಯಾಪಾರಿ ಬಸವಪ್ರಭು ನನ್ನ ಗಿಟಾರಿನ ಪೆಟ್ಟಿಗೆಯ ಮೇಲೆ ಬೂಟುಗಾಲಿಟ್ಟು ಕೂತಿದ್ದ. ವಿದ್ಯಾನಗರದ ಈ ಸ್ಟುಡಿಯೋಕ್ಕೆ ನನ್ನನ್ನು ಎಂದಿನಂತೆ ಬಾರಿಸಲು ಕರೆಸಿದ್ದರು. ಭಕ್ತಿಗೀತೆ, ಚುನಾವಣೆ ಹಾಡು, ಲಗ್ನದ ಹಾಡು, ಊರಲ್ಲಿ ಮೊಳಗುವ ಎಷ್ಟೋ ಹಾಡುಗಳಲ್ಲಿ ನನ್ನ ಬೆರಳಿವೆ; ಹೆಸರಿಲ್ಲ. ಅದಕ್ಕೆ ಎಂದೂ ಜಗಳಾಡಿದವನಲ್ಲ. ಆದರೆ ಇವತ್ತು ಮುಂದಿಟ್ಟದ್ದು ನಾನೇ ಬರೆದ ಹಾಡು. ಹುಬ್ಬಳ್ಳಿಯ ಬೀದಿ ಗುಡಿಸುತ್ತಲೇ ಸತ್ತ ನನ್ನವ್ವ ಶೇವಂತೆವ್ವನ ಹಾಡು. ಸ್ಟುಡಿಯೋ ಮಾಲೀಕ ಬಾಳಕೃಷ್ಣ ಅದನ್ನು ಕೇಳಿ, ಹೊಗಳಿ, ಬಸವಪ್ರಭುವಿನ ತಾಯಿಯ ಪುಣ್ಯಸ್ಮರಣೆಗೆ ಮಾರಿಬಿಟ್ಟಿದ್ದ. ಹಾಡಿನಲ್ಲಿ ಶೇವಂತೆವ್ವ ಇದ್ದಲ್ಲೆಲ್ಲ ಅವನ ತಾಯಿ ನಾಗರತ್ನಾ ಬಂದು ಕೂತಿದ್ದಳು.

“ಬಾಳಣ್ಣ, ಇದು ನಮ್ಮವ್ವನ ಹಾಡ್ರಿ.”

“ನಿಮ್ಮವ್ವನ ಹಾಡು ಯಾರು ಕೇಳ್ತಾರೋ ಯಮನ್ಯಾ? ಸುಮ್ನ ಬಾರಸು.”

ಗಾಜಿನ ಗೋಡೆಯ ಒಳಗೆ, ಗಾಯಕಿ ಉಮಾಶ್ರೀಯ ಪಕ್ಕ ಕೂತು ಬಾರಿಸಿದೆ. ತಂತಿಗಳ ಮೇಲೆ ಅಂಗೈ ಒತ್ತಿ ಎಳೆದರೆ ಸರ್... ಸರ್ ಎನ್ನುತ್ತದೆ. ಹೆಡ್‌ಫೋನಿನಲ್ಲಿ ಬಸವಪ್ರಭುವಿನ ದನಿ ಬಂತು.

“ವಾಹ್! ಆ ಸರ್ ಸರ್ ಛಲೋ ಬಂತು ನೋಡು. ನಮ್ಮವ್ವನ ರೇಷ್ಮಿ ಸೀರಿ ಸಪ್ಪಳ ಇದ್ದಂಗ ಐತಿ.”

“ಸೀರಿ ಅಲ್ಲರೀ ಸಾವಕಾರ್ರ. ನಸುಕಿನ್ಯಾಗ ನಿಮ್ಮ ಅಂಗಡಿ ಮುಂದ ನಮ್ಮವ್ವ ಕಸಾ ಹೊಡಿತಿದ್ದ ಸಪ್ಪಳ ಅದು.”

ಉಮಾಶ್ರೀ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು.

“ಏ ಹಲ್ಕಟ್! ನಮ್ಮವ್ವನ ಹಾಡಿನ್ಯಾಗ ನಿಮ್ಮ ಹೊಲಸು ತಂದು ಹಾಕ್ತೀ ಏನಲೇ?”

“ಹೊಲಸು ನಿಮ್ದರೀ. ಆಕಿ ಬಳದಾಕಿ ಅಷ್ಟ.”

“ಬೋಳಿಮಗನ, ಎದ್ದು ಹೊರಗ ಬಾ!”

ಎದ್ದು ಬಾಗಿಲಿಗೆ ಹೋಗಿ, ಚಿಲಕದ ಮೇಲೆ ಕೈಯಿಟ್ಟು ಉಮಾಶ್ರೀಯತ್ತ ತಿರುಗಿದೆ.

“ಅಕ್ಕಾರ, ಹೋಗೂದಿದ್ರ ಈಗ ಹೋಗ್ರಿ.”

“ನಾ ಎಲ್ಲಿಗೆ ಹೋಗ್ಲಿ?” ಉಮಾಶ್ರೀ ತಿದ್ದಿದ ಹಾಳೆಯನ್ನು ಮುದುರಿ ಎಸೆದಳು. “ಖರೇ ಹಾಡು ಹೇಳಿಕೊಡ್ರಿ.”

ಒಳಗಿನಿಂದ ಚಿಲಕ ಹಾಕಿದೆ. ಇಬ್ಬರೂ ಹೆಡ್‌ಫೋನ್ ಕಳಚಿಟ್ಟೆವು. ‘ಶೇವಂತೆವ್ವ’ ಎಂದು ನಾನು ಎತ್ತಿದೆ, ಅವಳು ಕೂಡಿಕೊಂಡಳು.

ಗಾಜಿನಾಚೆ ಬಾಳಕೃಷ್ಣ ನನಗೆ ಕೈಮುಗಿಯುತ್ತಿದ್ದ. ಬಸವಪ್ರಭುವಿನ ಕುತ್ತಿಗೆಯ ನರ ಉಬ್ಬಿತ್ತು, ಬಾಯಿ ತೆರೆದು ಮುಚ್ಚುತ್ತಿತ್ತು. ನನಗೆ ಬೈದನೋ, ಅವ್ವನಿಗೆ ಬೈದನೋ, ಒಂದಕ್ಷರವೂ ಒಳಗೆ ಬರಲಿಲ್ಲ. ಅವನು ಗಾಜಿಗೆ ಗುದ್ದುವುದು ಮಾತ್ರ ಸಣ್ಣಗೆ ಕೇಳುತ್ತಿತ್ತು, ತಾಳ ತಪ್ಪಿ.

ನಾವು ಎರಡನೇ ನುಡಿಗೆ ಹೋದೆವು.